ಅರ್ಜೆಂಟ್ ಎಂಬ ದುಬಾರಿ ಮಾತು



ಲೇತ್ ಮುಂದೆ ನಿಂತು ರೂಢಿಯಾದವನನ್ನು ಮೈಕಿನ ಮುಂದೆ ನಿಲ್ಲಿಸಿದ್ದೀರಿ.  ನನ್ನದೇ ಒಂದು ತಪ್ಪಿನಿಂದ ಮಾತು ಶುರು ಮಾಡುತ್ತೇನೆ.

ಪೀಣ್ಯದ ನಮ್ಮ ಷೆಡ್ಡಿನಲ್ಲಿ ಒಮ್ಮೆ ಸಿಎನ್‌ಸಿ ಯಂತ್ರ ಎರಡು ದಿನ ನಿಂತಿತು. ಬೇಕಾಗಿದ್ದದ್ದು ಲೋಹ ಕತ್ತರಿಸುವ, ಮುನ್ನೂರು ರೂಪಾಯಿಯ ಒಂದು ಕಾರ್ಬೈಡ್ ಇನ್ಸರ್ಟ್. ಹುಡುಗನನ್ನು ಎಸ್.ಜೆ.ಪಿ. ರಸ್ತೆಯ ಅಂಗಡಿಗಳಿಗೆ ಓಡಿಸಿ, ಪರ್ಚೇಸಿನವರನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ ಸ್ಟೋರ್ಸಿಗೆ ಹೋಗಿ ನೋಡಿದರೆ, ಉಳಿದ ಸಾಮಾನಿನ ಲೆಕ್ಕ ಬರೆಯುವ ಬಿನ್ ಕಾರ್ಡಿನ ಕೊನೆಯ ಸಾಲು ಪೆನ್ಸಿಲ್ಲಿನದು, ನಾಲ್ಕು ತಿಂಗಳು ಹಳೆಯದು. ಪಕ್ಕದಲ್ಲೇ, ರೇಟು ಏರುತ್ತದೆಂದು ನಾನೇ ತರಿಸಿದ್ದ ಉಕ್ಕಿನ ಸರಳುಗಳು ತುಕ್ಕು ಹಿಡಿದು ಬಿದ್ದಿದ್ದವು. ಸಾಮಾನು ಬೇಕೆಂದು ಪರ್ಚೇಸಿಗೆ ಕೊಡುವ ಇಂಡೆಂಟ್ ಬರೆದದ್ದು ಇನ್ಸರ್ಟ್ ಮುಗಿದ ಮೇಲೆ. ಅದಕ್ಕೆ ಸಹಿ ಹಾಕಿದವನೂ ನಾನೇ.

ಮದುವೆಮನೆಯ ಅಡುಗೆ ಭಟ್ಟರು ಸಾಮಾನಿನ ಪಟ್ಟಿ ಬರೆಯುವ ಮೊದಲು ಕೇಳುವುದು "ಎಷ್ಟು ಎಲೆ?" ಅಂತ. ಬೇಳೆಯ ರೇಟು ಆಮೇಲೆ. ನಾವೋ ಎಲೆಯ ಲೆಕ್ಕ ಬಿಟ್ಟು, ಮೂರು ಕೊಟೇಶನ್ ತರಿಸಿ ಎರಡು ರೂಪಾಯಿ ಇಳಿಸಿದರೆ ಖರೀದಿಯನ್ನು ಗೆದ್ದೆವೆಂದುಕೊಳ್ಳುತ್ತೇವೆ. ಖರೀದಿ ಕೆಡುವುದು ಚೌಕಾಸಿಯಲ್ಲಲ್ಲ, ತಡವಾದ ಇಂಡೆಂಟಿನಲ್ಲಿ.

ಇಂಡೆಂಟ್ ಯಾವಾಗ ಬರೆಯಬೇಕೆಂಬ ಲೆಕ್ಕ ಕಷ್ಟದ್ದಲ್ಲ. ದಿನಕ್ಕೆ 4 ಇನ್ಸರ್ಟ್ ಖರ್ಚು, ಮಾಲು ಬರಲು ಕೆಲಸದ 15 ದಿನ ಎಂದರೆ 60 ಆಯಿತು. ತಡವಾದರೆ ಕೈಯಲ್ಲಿರಲಿ ಎಂದು ಇನ್ನೂ 20. ಬಿನ್ ಕಾರ್ಡಿನಲ್ಲಿ 80 ಕಂಡ ದಿನವೇ ಇಂಡೆಂಟ್ ಹೊರಡಬೇಕು. ಒಂದು ಸಲಕ್ಕೆ ಎಷ್ಟು ತರಿಸಬೇಕು ಎನ್ನುವುದನ್ನು ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ 1913ರಲ್ಲೇ ಸೂತ್ರಕ್ಕೆ ಇಳಿಸಿದ್ದರು. ಚೂರುಚೂರೇ ತರಿಸಿದರೆ ಓಡಾಟದ ಖರ್ಚು, ರಾಶಿ ತರಿಸಿದರೆ ಬಡ್ಡಿ ಮತ್ತು ಜಾಗದ ಖರ್ಚು. ಎರಡೂ ಸಮವಾಗುವ ಕಡೆ ಒಟ್ಟು ಖರ್ಚು ಕಡಿಮೆ.

ಎಲ್ಲಕ್ಕೂ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ದುಡ್ಡು ನುಂಗುವ ಕೆಲವೇ ಸಾಮಾನುಗಳನ್ನು ವಾರವಾರ ನೋಡಿ. ನಟ್ಟು ಬೋಲ್ಟಿಗೆ ಎರಡು ಡಬ್ಬಿ ಸಾಕು; ಒಂದು ಖಾಲಿಯಾದರೆ ಆ ಡಬ್ಬಿಯೇ ಇಂಡೆಂಟ್.

ಇನ್ನು ದುಡ್ಡಿನ ಮಾತು. ದೊಡ್ಡ ಕಂಪನಿಗಳು ಬಿಲ್ಲು ಪಾಸು ಮಾಡುವುದಿಲ್ಲವೆಂದು ಇಂಥ ಸಭೆಗಳಲ್ಲಿ ಗೋಳಾಡುವ ಸಣ್ಣ ಕೈಗಾರಿಕೆಯ ನಾವು, ನಮ್ಮ ಪ್ಲೇಟಿಂಗ್‌ನವರನ್ನು ಎಷ್ಟು ತಿಂಗಳು ಅಲೆಸುತ್ತೇವೆ? ಸೂಕ್ಷ್ಮ, ಸಣ್ಣ ಉದ್ಯಮಗಳ ಬಾಕಿಯನ್ನು 45 ದಿನ ಮೀರದಂತೆ ತೀರಿಸಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎನ್ನುತ್ತದೆ ಈ ಉದ್ಯಮಗಳ 2006ರ ಕಾಯ್ದೆ. ಕಾಯ್ದೆ ಹಾಗಿರಲಿ, ಬಾಕಿ ಉಳಿಸಿಕೊಂಡವನ ಅರ್ಜೆಂಟು ಯಾರಿಗೂ ಅರ್ಜೆಂಟಲ್ಲ.

ಈ ಸಮ್ಮೇಳನದಿಂದ ಹಿಂತಿರುಗಿದ ಮೇಲೆ ಒಂದು ಕೆಲಸ ಮಾಡಿ. ಕಳೆದ ತಿಂಗಳ ಪರ್ಚೇಸ್ ಆರ್ಡರುಗಳಲ್ಲಿ 'ಅರ್ಜೆಂಟ್' ಎಂದಿರುವುದನ್ನೆಲ್ಲ ಹೊರಗೆ ತೆಗೆಯಿರಿ. ಆ ಸಾಮಾನು ಬೇಕೆಂದು ನಮಗೆ ಮೊದಲು ಗೊತ್ತಾದ ತಾರೀಕನ್ನು ಪ್ರತಿಯೊಂದರ ಪಕ್ಕ ಬರೆಯಿರಿ. ಯಾರನ್ನು ಬೈಯಬೇಕೆಂದು ಆಮೇಲೆ ತೀರ್ಮಾನಿಸೋಣ.