ಗೂಟಕ್ಕೆ ಕಟ್ಟಿದ ಕುದುರೆಯ ಮೂಗು



ನಾನು ನಲವತ್ತು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಮ್ಯಾಟ್ರಿಕ್. ಕುದುರೆಯ ವಿಷಯ ಮಾತನಾಡಲು ಇವನಿಗೇನು ಅಧಿಕಾರ ಎಂದು ನೀವು ಕೇಳಬಹುದು. ಅಧಿಕಾರವೇನೂ ಇಲ್ಲ. ಒಂದು ಹಳೆಯ ಬಾಕಿ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

1980ರ ಅಕ್ಟೋಬರ್‌ನಲ್ಲಿ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ ಇಡೀ ದೇಶಕ್ಕೆ ಬಂತು. ನಾನು ನೌಕರಿಗೆ ಸೇರಿದ್ದೂ ಅದೇ ವರ್ಷ. ಎಮ್ಮೆ, ಕುರಿ, ಹೊಲಿಗೆ ಯಂತ್ರಕ್ಕೆ ಸಾಲ ಕೊಡುವಾಗ ನಮ್ಮ ಶಾಖೆಯಲ್ಲಿ ಒಬ್ಬ ಟಾಂಗಾದವರಿಗೂ ಕುದುರೆ ಕೊಳ್ಳಲು ಸಾಲ ಮಂಜೂರಾಯಿತು. ವರ್ಷಕ್ಕೊಮ್ಮೆ ಜಾನುವಾರು ಇದೆಯೋ ಸತ್ತಿದೆಯೋ ನೋಡಿ ಬರುವುದು ನನ್ನ ಕೆಲಸ. ಹೋದಾಗ ಆ ಕುದುರೆ ಕತ್ತಲೆಯ ಗೋಡೆಗೆ ಮುಖ ಮಾಡಿ ನಿಂತು, ಒಂದು ಮುಂಗಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತ, ತಲೆಯನ್ನು ಎಡಕ್ಕೆ ಬಲಕ್ಕೆ ತೂಗುತ್ತಿತ್ತು. "ನೋಡ್ರಿ ಮಾಮಾ, ನಿಮ್ಮ ಕುದುರಿ ಬ್ಯಾಂಕಿನವರಿಗೆ ನಮಸ್ಕಾರ ಮಾಡತೈತಿ" ಎಂದು ನಾನು ನಕ್ಕೆ. ಅವರು ನಗಲಿಲ್ಲ. "ಬ್ಯಾಸರಕ್ಕ ಹಂಗ ಮಾಡತೈತಿ ಸಾಹೇಬ" ಎಂದರು. ನಾನು ರಿಜಿಸ್ಟರಿನಲ್ಲಿ 'ಪ್ರಾಣಿ ಆರೋಗ್ಯವಾಗಿದೆ' ಎಂದು ಬರೆದು ಸಹಿ ಹಾಕಿದೆ. ಮರುವರ್ಷವೂ ಹಾಗೆಯೇ ಬರೆದೆ.

ಟಾಂಗಾಗಳು ಹೋದವು, ಆಟೋಗಳು ಬಂದವು. ನಾನು 2020ರಲ್ಲಿ ನಿವೃತ್ತನಾದೆ. ಈಗ ನಮ್ಮ ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಕುದುರೆ ಕಾಣುವುದು ಹೆಚ್ಚಾಗಿ ಮದುವೆಯ ವರಾತಿಯಲ್ಲಿ. ಆ ಟಾಂಗಾದವರ ಮೊಮ್ಮಗ ನಮ್ಮ ಓಣಿಯ ಹಿಂದೆಯೇ ಒಂದು ಬಿಳಿ ಹೆಣ್ಣುಕುದುರೆ ಇಟ್ಟುಕೊಂಡಿದ್ದಾನೆ. ಲಗ್ನಸರಾಯಿ ಇದ್ದಾಗ ಅದಕ್ಕೆ ಪುರುಸೊತ್ತಿಲ್ಲ. ಆಷಾಢ ಬಂತೆಂದರೆ ತುಳಸಿ ಲಗ್ನದವರೆಗೆ ಮುಹೂರ್ತವಿಲ್ಲ, ಅಷ್ಟು ದಿನವೂ ಅದು ಗೂಟದಲ್ಲೇ. ಒಂದು ದಿನ ಮಳೆಗೆ ಅವನ ಲಾಯದಲ್ಲಿ ನಿಂತಾಗ ನೋಡುತ್ತೇನೆ, ಅದೇ ತೂಗಾಟ! ಆ ಹೊತ್ತು ನನಗೆ ನಗು ಬರಲಿಲ್ಲ.

ನನ್ನ ತಮ್ಮನ ಮಗಳು ಬೀದರಿನಲ್ಲಿ ಪಶುವೈದ್ಯ ಓದುತ್ತಾಳೆ. ಅವಳನ್ನು ಕೇಳಿದೆ. "ದೊಡ್ಡಪ್ಪ, ಅದು ಆಟ ಅಲ್ಲ. ಓಡಾಟ ಇಲ್ಲದ, ಜೊತೆ ಇಲ್ಲದ, ಇಡೀ ದಿನ ಮೇಯಲು ಸಿಗದ ಕುದುರೆ ಹಾಗೆ ಮಾಡುತ್ತದೆ. ಕೆಲವು ಕಟ್ಟಿಗೆ ಕಚ್ಚಿ ಗಾಳಿ ನುಂಗುತ್ತವೆ" ಎಂದಳು. ಬಿಟ್ಟು ಮೇಯಿಸಲು ಜಾಗ ಎಲ್ಲಿದೆ ಎಂದು ಹುಡುಗ ಕೇಳಿದ. ಅವನ ಮಾತೂ ಸುಳ್ಳಲ್ಲ. ಆಗ ಅವಳು ಹೇಳಿದ್ದು, "ಬೆಳಿಗ್ಗೆ ಸಂಜೆ ನಡೆಸಲೇಬೇಕು, ಅದಕ್ಕೆ ಬದಲಿ ಇಲ್ಲ. ಉಳಿದ ಹೊತ್ತಿಗೆ ಅದರ ಮೂಗಿಗೆ ಏನಾದರೂ ಕೆಲಸ ಕೊಡಿ."

ಮೂಗಿಗೆ ಕೆಲಸ ಎಂದರೇನು? ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಅದಕ್ಕೆ ತನ್ನ ಮೂಗಿನ ಕೆಳಗೆ ಏನಿದೆ ಎಂಬುದು ಕಾಣುವುದಿಲ್ಲ. ತಿನ್ನುವ ಕಾಳನ್ನು ಅದು ಮೂಗು, ತುಟಿ ಮತ್ತು ಮುಸುಡಿಯ ಉದ್ದ ಕೂದಲಿನಿಂದ ತಿಳಿಯುತ್ತದೆ. (ಅಂದಚೆಂದಕ್ಕೆಂದು ಆ ಕೂದಲನ್ನು ಕತ್ತರಿಸುವವರಿದ್ದಾರೆ, ದಯವಿಟ್ಟು ಬೇಡ.) ನಮ್ಮಂತೆ ಬಾಯಿಯಿಂದ ಉಸಿರಾಡಲು ಅದಕ್ಕೆ ಬರುವುದಿಲ್ಲ, ಉಸಿರೆಲ್ಲ ಮೂಗಿನಿಂದಲೇ. ಎರಡು ಕುದುರೆ ಭೇಟಿಯಾದರೆ ಮೂಗಿಗೆ ಮೂಗು ತಾಗಿಸಿ ಉಸಿರು ಮೂಸುತ್ತವೆ. ತಾಯಿ ತನ್ನ ಮರಿಯನ್ನು ಗುರುತಿಸುವುದು ವಾಸನೆಯಿಂದ. ಗಂಡುಕುದುರೆ ಇನ್ನೊಂದರ ಲದ್ದಿ ಮೂಸಿ ಯಾರು ಬಂದು ಹೋದರೆಂದು ತಿಳಿಯುತ್ತದೆ. ಒಮ್ಮೊಮ್ಮೆ ಕುತ್ತಿಗೆ ಚಾಚಿ ಮೇಲ್ದುಟಿ ಎತ್ತಿ ಹಲ್ಲು ಕಿರಿಯುತ್ತದಲ್ಲ, ಕುದುರೆ ನಗುತ್ತಿದೆ ಎಂದು ಮಕ್ಕಳು ಕುಣಿಯುತ್ತಾರೆ. ಅದು ನಗುವಲ್ಲ. ಮೂಗಿನ ತಳದಲ್ಲಿರುವ ಇನ್ನೊಂದು ವಾಸನೆಯ ಅಂಗಕ್ಕೆ ಆ ಗಂಧವನ್ನು ಎಳೆದುಕೊಳ್ಳುವ ರೀತಿ. ಇಂಥ ಮೂಗನ್ನು ನಾವು ವರ್ಷವಿಡೀ ಒಂದೇ ಗೋಡೆಯ ಎದುರು ಕಟ್ಟುತ್ತೇವೆ.

ನಾವು ಮೊದಲು ಮಾಡಿದ್ದು ನೆಲ ಹಸನು ಮಾಡುವುದು. ನೀವೂ ಒಮ್ಮೆ ನಿಮ್ಮ ಲಾಯದಲ್ಲಿ ಮೊಣಕಾಲೂರಿ ಕುಳಿತು, ಕುದುರೆ ಮಲಗಿದಾಗ ಅದರ ಮೂಗು ಇರುವ ಎತ್ತರದಲ್ಲಿ ಉಸಿರು ಎಳೆದು ನೋಡಿ. ಗಂಜಳದಿಂದ ಏಳುವ ಅಮೋನಿಯಾ ಕಣ್ಣು ಉರಿಸುತ್ತದೆ. ಅದು ಕುದುರೆಯ ಶ್ವಾಸನಾಳಕ್ಕೂ ಕೆಡುಕು. ಆ ಘಾಟಿನ ಮೇಲೆ ಯಾವ ಸುಗಂಧ ಇಟ್ಟರೂ ವ್ಯರ್ಥ. ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ ಒಡೆಸಿದ ಮೇಲೆಯೇ ಮುಂದಿನ ಮಾತು.

ಇಂಗ್ಲೆಂಡಿನ ಸಂಶೋಧಕರು ಎಂಟು ಕುದುರೆಗಳಿಗೆ ಹದಿನೈದು ಬಗೆಯ ರುಚಿ ಸೇರಿಸಿದ ಮೇವು ಇಟ್ಟು ನೋಡಿ, 2005ರಲ್ಲಿ ಪ್ರಕಟಿಸಿದ ಫಲವನ್ನು ಹುಡುಗಿ ಓದಿ ಹೇಳಿದಳು. ಎಲ್ಲಕ್ಕಿಂತ ಮೊದಲು ಬಂದದ್ದು ಯಾವುದು ಗೊತ್ತೇ? ನಮ್ಮ ಮೆಂತ್ಯ! ಎರಡನೆಯದು ಬಾಳೆಹಣ್ಣು. ಜೀರಿಗೆ ಗಜ್ಜರಿಗಿಂತಲೂ ಮುಂದಿತ್ತು. ಪುದೀನಾದ ಜಾತಿಯ ಪೆಪ್ಪರ್‌ಮಿಂಟ್ ಕೂಡ ಮೊದಲ ಎಂಟರಲ್ಲಿತ್ತು. ಕುದುರೆಗೆ ಗಜ್ಜರಿಯೇ ಪಂಚಾಮೃತ ಎಂದು ತಿಳಿದಿದ್ದ ನಮಗೆ ಇದು ಹೊಸದು. ಅದು ಮೇವಿನ ಪರೀಕ್ಷೆ ನಿಜ, ಆದರೆ ಸಾಮಾನೆಲ್ಲ ನಮ್ಮ ಅಡಿಗೆ ಮನೆಯಲ್ಲೇ ಇರುವಾಗ ಮೂಸಲು ಕೊಟ್ಟು ನೋಡಲು ಅಡ್ಡಿಯೇನು? ಹಳೆಯ ಧೋತರದ ತುಂಡುಗಳಲ್ಲಿ ಒಣಗಿದ ಮೆಂತೆ ಸೊಪ್ಪು ಒಂದರಲ್ಲಿ, ಕುಟ್ಟಿದ ಜೀರಿಗೆ ಒಂದರಲ್ಲಿ, ಪುದೀನಾ ಒಂದರಲ್ಲಿ ಗಂಟು ಕಟ್ಟಿದೆವು.

ಕೊಡುವುದಕ್ಕೂ ಒಂದು ರೀತಿ ಇದೆ. ಗಂಟನ್ನು ಮೂಗಿಗೆ ಒತ್ತಬಾರದು. ಕುದುರೆಯ ಹಗ್ಗ ಸಡಿಲ ಬಿಟ್ಟು, ಒಂದು ಮೊಳ ದೂರ ಹಿಡಿದು ನಿಲ್ಲಬೇಕು. ಬೇಕಿದ್ದರೆ ಅದೇ ಬರುತ್ತದೆ. ಮುಖ ತಿರುಗಿಸಿತೋ, ಅಲ್ಲಿಗೆ ಬಿಡಬೇಕು. ಮೆಂತ್ಯಕ್ಕೆ ನಮ್ಮ ಕುದುರೆ ಕಿವಿ ಮುಂದೆ ಮಾಡಿ, ಹೊಳ್ಳೆ ಅರಳಿಸಿ, ಕಣ್ಣು ಅರೆಮುಚ್ಚಿ ಬಹಳ ಹೊತ್ತು ಮೂಸಿತು. ಪುದೀನಾವನ್ನು ಒಂದು ಸಲ ಮೂಸಿ ಬಿಟ್ಟಿತು. ನಾನು ಬಡಿವಾರಕ್ಕೆ ಮನೆಯ ಅತ್ತರಿನ ಸೀಸೆ ತಂದಿದ್ದೆ. ಬಿರಡೆ ತೆಗೆದೊಡನೆ ಅದು ಬುಸ್ಸೆಂದು ಸೀನಿ ಹಿಂದೆ ಸರಿಯಿತು. ಹುಡುಗ ನಕ್ಕ, "ಕಾಕಾ, ನಿಮ್ಮ ಅತ್ತರ ಪಾಸ್ ಆಗಲಿಲ್ಲ." ಘಾಟಾದ ಎಣ್ಣೆ, ಅತ್ತರು ಇವನ್ನು ಕುದುರೆಯ ಮೈಗಂತೂ ಹಚ್ಚಲೇಬೇಡಿ. ಮೂಸುವ ಗಂಟನ್ನು ತಿನ್ನಲು ಬಿಡಬೇಡಿ, ಬಟ್ಟೆ ಹೊಟ್ಟೆಗೆ ಹೋದೀತು. ಹಸಿರು ಎಂದು ಕೈಗೆ ಸಿಕ್ಕಿದ್ದನ್ನು ಒಡ್ಡಬೇಡಿ. ಕಣಗಿಲೆಯ ಕೆಲವೇ ಎಲೆ ಕುದುರೆಯ ಪ್ರಾಣ ತೆಗೆಯುತ್ತದೆ. ಔಡಲ ಬೀಜ, ಉಳ್ಳಾಗಡ್ಡಿಯೂ ವಿಷವೇ.

ಆದರೆ ಅದಕ್ಕೆ ಎಲ್ಲಕ್ಕಿಂತ ಹಿಡಿಸಿದ್ದು ಮೆಂತ್ಯವೂ ಅಲ್ಲ. ನಾಲ ಬಡಿಯುವವರ ಹತ್ತಿರ ಬಂದಿದ್ದ ಇನ್ನೊಂದು ಆರೋಗ್ಯವಂತ ಕುದುರೆಯ ಮೈ ಒರೆಸಿದ ಗೋಣಿತಟ್ಟು. ಅದನ್ನು ಗೂಟದ ಬಳಿ ಹಾಕಿದಾಗ ನಮ್ಮ ಕುದುರೆ ಮೂಸಿತು, ಮೇಲ್ದುಟಿ ಎತ್ತಿತು, ಮತ್ತೆ ಮೂಸಿತು, ಬಾಗಿಲ ಕಡೆ ತಿರುಗಿ ಒಮ್ಮೆ ಕೆನೆಯಿತು. ಹುಡುಗ ಸುಮ್ಮನೆ ನಿಂತ. ನಾನೂ ಏನೂ ಮಾತಾಡಲಿಲ್ಲ. ಅದಾದ ಮೇಲೆ ಅವನು ವಾರಕ್ಕೆರಡು ಸಲ ಆ ಕುದುರೆಯ ಜೊತೆಗೇ ಇದನ್ನೂ ಕೆರೆಯ ಕಡೆ ನಡೆಸಿಕೊಂಡು ಹೋಗತೊಡಗಿದ.

ತೂಗಾಟ ನಿಂತಿತೇ? ಪೂರ್ತಿ ನಿಂತಿಲ್ಲ. ಹಳೆಯ ಚಟ ಬೇಗ ಬಿಡುವುದಿಲ್ಲ. ಮೂಸುತ್ತಿರುವಷ್ಟು ಹೊತ್ತು ನಿಲ್ಲುತ್ತದೆ, ನಡೆದು ಬಂದ ದಿನ ಸಂಜೆ ಕಡಿಮೆ ಇರುತ್ತದೆ. ಒಂದೇ ಗಂಟನ್ನು ದಿನವೂ ಕೊಟ್ಟರೆ ಅದರ ಮೇಲಿನ ಆಸಕ್ತಿ ಹೋಗುತ್ತದೆ, ಆದ್ದರಿಂದ ಬದಲಿಸುತ್ತೇವೆ.

ಇನ್ನು ವರಾತಿಯ ಮಾತು. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕುದುರೆಗಳ ಹತ್ತಿರ ತೋಳದ ಮೂತ್ರ ಇಟ್ಟಿದ್ದರು. ಬರೀ ವಾಸನೆಗೆ ಅವು ಹೆದರಿ ಓಡಲಿಲ್ಲ, ಹೆಚ್ಚು ಮೂಸಿ ಎಚ್ಚರವಾದವು ಅಷ್ಟೆ. ತೋಳದ ವಾಸನೆಯ ಜೊತೆ ಪ್ಲಾಸ್ಟಿಕ್ ಚೀಲದ ಸಪ್ಪಳ ಸೇರಿದಾಗ ಎದೆಬಡಿತ ಏರಿತು. ನಮ್ಮ ಕುದುರೆಗೆ ಮದ್ದಿನ ಹೊಗೆ, ಬ್ಯಾಂಡು, ಪಟಾಕಿ ಮೂರೂ ಒಮ್ಮೆಗೇ. ಫ್ರಾನ್ಸಿನಲ್ಲಿ 2023ರಲ್ಲಿ ತೋರಿಸಿಕೊಟ್ಟ ಇನ್ನೊಂದು ಸಂಗತಿ ಇದೆ. ಹೆದರಿದ ಮನುಷ್ಯನ ಬೆವರನ್ನೂ ಸಂತೋಷಪಟ್ಟವನ ಬೆವರನ್ನೂ ಕುದುರೆ ಬೇರೆ ಬೇರೆಯಾಗಿ ಗುರುತಿಸುತ್ತದೆ. ಮೊದಲ ಸಲ ಕುದುರೆ ಹತ್ತುವ ಮದುಮಗನ ಬೆವರು ಯಾವ ಜಾತಿಯದೆಂದು ನಾನು ಹೇಳಬೇಕಿಲ್ಲ! ಅದಕ್ಕೇ ಹುಡುಗ ಈಗ ಮದುಮಗನನ್ನು ಹತ್ತಿಸುವ ಮೊದಲು ಅವನ ಅಂಗೈಯನ್ನು ಕುದುರೆಗೆ ಮೂಸಲು ಕೊಡುತ್ತಾನೆ. ಪಟಾಕಿಯನ್ನು ಮೆರವಣಿಗೆಯ ಹಿಂದೆ ದೂರದಲ್ಲಿ ಹಚ್ಚುವಂತೆ ಬೀಗರಿಗೆ ಮೊದಲೇ ಹೇಳುತ್ತಾನೆ. ಕೆಲವರು ಕೇಳುತ್ತಾರೆ, ಕೆಲವರು ರೊಕ್ಕ ಕೊಟ್ಟಿದ್ದೇವೆ ಎನ್ನುತ್ತಾರೆ.

ಈ ತುಳಸಿ ಲಗ್ನವಾದ ಮೇಲೆ ನಿಮ್ಮ ಊರಿನಲ್ಲೂ ವರಾತಿ ಹೊರಡುತ್ತವೆ. ದಾರಿಯಲ್ಲಿ ಕುದುರೆ ಇನ್ನೊಂದು ಕುದುರೆಯ ಲದ್ದಿಯ ಬಳಿ ತಲೆ ಬಗ್ಗಿಸಿ ನಿಂತರೆ ಲಗಾಮು ಜಗ್ಗಬೇಡಿ. ಅದು ಮೂಸಿ ಮುಗಿಸಲಿ. ಬ್ಯಾಂಡಿನವರು ಅಷ್ಟು ಹೊತ್ತು ಇನ್ನೊಂದು ಹಾಡು ಬಾರಿಸುತ್ತಾರೆ.