ಸೈನ್ಯದ ಓಟವೂ ದಿನದಿನದ ಉತ್ಸಾಹವೂ



ಬಂಗಾರಪೇಟೆಯಲ್ಲಿ ಕವಲೊಡೆದ ರೈಲುದಾರಿ ಮಾರಿಕುಪ್ಪಂ ನಿಲ್ದಾಣದಲ್ಲಿ ಮುಗಿಯುತ್ತದೆ. ಚಿನ್ನದ ಗಣಿಗಳಿಗಾಗಿ 1894ರಲ್ಲಿ ಹಾಕಿದ ದಾರಿಯಿದು. ಗಣಿ ನಡೆಯುತ್ತಿದ್ದಾಗ ಇಲ್ಲಿಯವರನ್ನು ಎಬ್ಬಿಸುವುದಕ್ಕೆ ಪಾಳಿಯ ಸೈರನ್ ಇತ್ತು. ಮನಸ್ಸಿದ್ದರೂ ಇಲ್ಲದಿದ್ದರೂ ಕಾಲು ಗಣಿಯ ಕಡೆಗೆ ಸಾಗುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಈಗ ಬಹು ಮಂದಿ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರಿಗಾದರೋ ರೈಲಿನ ವೇಳೆಯುಂಟು. ಸೈನ್ಯಕ್ಕೆ ಸೇರಬೇಕೆಂದಿರುವ ಹದಿನೆಂಟರ ತರುಣನನ್ನು ಎಬ್ಬಿಸುವವರು ಯಾರು? ಈ ಹೊತ್ತು ನಾವು ಅರಿಕೆ ಮಾಡಬೇಕೆಂದಿರುವುದು ಇದನ್ನೇ.

2022ರಲ್ಲಿ ಬಂದ ಅಗ್ನಿಪಥ ಯೋಜನೆಯ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದವನಿಗೆ ಪೂರ್ಣ 60 ಅಂಕಗಳು. ಅಡ್ಡಕಂಬಿಗೆ ಜೋತು, ಗದ್ದವನ್ನು ಕಂಬಿಯ ಮೇಲಕ್ಕೆ ಹತ್ತು ಸಲ ಒಯ್ದವನಿಗೆ 40. ಒಂಬತ್ತಡಿಯ ಹಳ್ಳವನ್ನು ಹಾರಿ, ಅಂಕುಡೊಂಕಾದ ತೊಲೆಯ ಮೇಲೆ ಬೀಳದೆ ನಡೆದರೆ ಮಿಕ್ಕದ್ದು ಮುಗಿಯಿತು. ಆದರೆ 2023ರಿಂದ ಲಿಖಿತ ಪರೀಕ್ಷೆ ಮೊದಲು, ಮೈದಾನ ಆಮೇಲೆ. ಈ ನಡುವಣ ಕಾಯುವಿಕೆಯಲ್ಲಿಯೇ ಉತ್ಸಾಹ ಸೋರಿಹೋಗುವುದು.

ಸಾಮಾನ್ಯವಾಗಿ ಆಗುವುದಿಷ್ಟು. ತರುಣನು ಮೊದಲ ದಿನವೇ ಪ್ರಾಣಬಿಟ್ಟು ಓಡುತ್ತಾನೆ. ಮೂರನೆಯ ಸುತ್ತಿಗೆ ಎದೆ ತಿದಿಯಂತೆ ಬಡಿಯುತ್ತದೆ. ಮರುದಿನ ಮೀನಖಂಡ ನೋವು. ನಾಲ್ಕನೆಯ ದಿನ ಹಾಸಿಗೆ ಬಿಡಲಾರ. ಮನೆಯವರು ಸೋಮಾರಿಯೆನ್ನುತ್ತಾರೆ. ನಾವು ಹಾಗೆನ್ನಲಾರೆವು. ಅದು ಲೆಕ್ಕದ ತಪ್ಪು. 400 ಮೀಟರಿನ ಸುತ್ತು ನಾಲ್ಕಾದರೆ 1.6 ಕಿಲೋಮೀಟರು, ಒಂದೊಂದಕ್ಕೆ 82 ಸೆಕೆಂಡು ಹಿಡಿದರೆ ಐದೂವರೆ ನಿಮಿಷದೊಳಗಾಯಿತು. ಆದುದರಿಂದ ಮೊದಲು ಒಂದೇ ಸುತ್ತನ್ನು ಆ ವೇಗದಲ್ಲಿ ಓಡಿ, ನಡೆದು ಉಸಿರು ಸುಧಾರಿಸಿಕೊಂಡು, ಮತ್ತೊಂದು ಸುತ್ತು ಓಡಲಿ. ನಡೆಯುವ ಹೊತ್ತನ್ನು ವಾರವಾರಕ್ಕೆ ಕುಗ್ಗಿಸಲಿ. ವಾರದಲ್ಲಿ ಒಂದು ದಿನವಾದರೂ ಬಿಡುವಿರಲಿ. ಆ ದಿನವನ್ನು ಮೈಗಳ್ಳತನವೆಂದು ಎಣಿಸಬೇಕಾದುದಿಲ್ಲ. ಕಂಬಿಯ ಅಭ್ಯಾಸ ಇನ್ನೂ ನಿಧಾನ: ಒಂದು ಸಲವೂ ಏರಲಾರದವನು ಹಾರಿ ಮೇಲೆ ಹಿಡಿದು, ಮೆಲ್ಲಮೆಲ್ಲನೆ ಇಳಿಯುವುದನ್ನೇ ಸಾಧಿಸಲಿ. ತೋಳು ಅದರಿಂದಲೇ ಬಲಿಯುತ್ತದೆ.

ಎರಡು ಉಪಕರಣಗಳು ಬೇಕು. ಎರಡಕ್ಕೂ ಹೆಚ್ಚು ಖರ್ಚಿಲ್ಲ. ಒಂದು, ಸೆಕೆಂಡುಗಳನ್ನು ಬರೆದಿಡುವ ಪುಸ್ತಕ. ಮನಸ್ಸು 'ನೀನು ನಿಂತಲ್ಲೇ ಇದ್ದೀಯೆ' ಎಂದಾಗ ಮೂರು ವಾರದ ಹಿಂದಿನ ಹಾಳೆ ಉತ್ತರ ಹೇಳುತ್ತದೆ. ಇನ್ನೊಂದು, ಜೊತೆಗಾರ. ಬೀದಿಯ ತಿರುವಿನಲ್ಲಿ ಒಬ್ಬನು ಚಳಿಯಲ್ಲಿ ಕಾದಿರುವನೆಂದು ತಿಳಿದವನು ಕಂಬಳಿ ಹೊದ್ದು ಮಲಗಲಾರ. ನಿಂತುಹೋದ ಸೈರನ್ನಿನ ಕೆಲಸವನ್ನು ಈಗ ಇವನೇ ಮಾಡಬೇಕು.

ನಾಲ್ಕು ವರ್ಷದ ಮೇಲೆ ನೂರಕ್ಕೆ 25 ಮಂದಿಯವರೆಗೆ ಮಾತ್ರ ಉಳಿಸಿಕೊಳ್ಳುವೆವೆಂದು ಯೋಜನೆಯನ್ನು ಸಾರಿದಾಗ ಹೇಳಿದ್ದರು. ಇಷ್ಟಕ್ಕೆ ಇಷ್ಟು ಪಾಡೇ ಎಂದು ನೆರೆಯವರು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ಬೂಟು ಕಟ್ಟಿಕೊಳ್ಳುತ್ತಿರುವ ಹುಡುಗನನ್ನು ಬೆಳಗಿನ ಐದು ಗಂಟೆಗೆ ಕೇಳತಕ್ಕದ್ದಲ್ಲ. ರಾತ್ರಿಯ ರೈಲಿಳಿದು ಬಂದ ತಂದೆ "ಪತ್ರ ಬಂತೇನಪ್ಪಾ?" ಎಂದರೆ ಅವನ ಬಳಿ ಉತ್ತರವಿಲ್ಲ. "ಇವತ್ತು ಎಷ್ಟು ಸೆಕೆಂಡು?" ಎಂದು ಕೇಳಿದರೆ ಪುಸ್ತಕ ತಂದು ತೋರಿಸುತ್ತಾನೆ.