ಲೆಕ್ಕದಲ್ಲಿ ಕಾಲದ ಏಣಿ
(ರಾಯಪುರಂ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರು ಹಗಲೆಲ್ಲ ಲೆಕ್ಕ ಬರೆದು ಸಂಜೆ ಇಲ್ಲಿಗೆ ಬರುವವರು. ಈಗ ಆ ಲೆಕ್ಕವನ್ನು ಕಂಪ್ಯೂಟರಿನಲ್ಲಿ ‘ಡೇಟಾ ಕ್ಯೂಬ್’ ಆಗಿ ಜೋಡಿಸುತ್ತಾರೆ. ಯಾವ ಸರಕು, ಯಾವ ಸ್ಥಳ, ಯಾವ ಕಾಲ ಎಂಬುವು ಅದರ ಮುಖಗಳು. ಮೊದಲೆರಡು ಸುಲಭ, ಎಡವುವುದು ಕಾಲದಲ್ಲಿಯೇ.

ದಿನ, ತಿಂಗಳು, ತ್ರೈಮಾಸಿಕ, ವರ್ಷ: ಇದೊಂದು ಏಣಿ. ವಾರವು ಇದರ ಮೆಟ್ಟಿಲಲ್ಲ. 2024ರ ಡಿಸೆಂಬರ್ 30ರ ಸೋಮವಾರ ಮೊದಲಾದ ವಾರ 2025ರ ಜನವರಿ 5ಕ್ಕೆ ಮುಗಿಯಿತು. ಅದನ್ನು ಯಾವ ತಿಂಗಳಿಗೆ ಸೇರಿಸೋಣ? ಆದುದರಿಂದ ವಾರಕ್ಕೆ ಬೇರೆ ಏಣಿ ಬೇಕು. ಎರಡರ ಬುಡವೂ ದಿನವೇ. ಹಣಕಾಸು ವರ್ಷಕ್ಕೂ ಹಾಗೆಯೇ. 2025ರ ಜನವರಿ ಖಾತೆಯಲ್ಲಿ 2024-25ಕ್ಕೆ ಸೇರಿದ್ದು. ಬರಿಯ ‘ಜನವರಿ’ ಎಂದರೆ ಎಲ್ಲ ವರ್ಷಗಳ ಜನವರಿಯೂ ಒಂದೇ ರಾಶಿಗೆ ಬೀಳುತ್ತದೆ. ಇಸವಿ ಕೂಡಿಸಿಯೇ ಬರೆಯಬೇಕು.

ನಮ್ಮ ಪಕ್ಕದ ಕಾಸಿಮೇಡು ಮೀನು ಬಂದರನ್ನೇ ನೋಡಿ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಅದು ಮೀನು ಮರಿಮಾಡುವ ಕಾಲ. ಏಪ್ರಿಲ್-ಜೂನ್ ಲೆಕ್ಕವನ್ನು ಅದರ ಹಿಂದಿನ ಮೂರು ತಿಂಗಳೊಡನೆ ಹೋಲಿಸಿದರೆ, ಬಲೆ ಎಳೆಯುವವರೂ ಐಸ್ ಹೊರುವವರೂ ಸೋಮಾರಿಗಳಾದರೆಂದು ಕಾಗದ ಹೇಳೀತು! ಹಿಂದಿನ ವರ್ಷದ ಅದೇ ತ್ರೈಮಾಸಿಕದೊಡನೆ ಹೋಲಿಸಬೇಕು. ಆ 61 ದಿನಗಳ ಮುಂದೆ ‘ನಿಷೇಧ’ ಎಂಬ ಗುರುತೂ ಇರಬೇಕು.

ಕಾಲವನ್ನು ತಪ್ಪಾಗಿ ಜೋಡಿಸಿದರೆ ದುಡಿಯುವವನ ಮೇಲೆ ಇಲ್ಲದ ತಪ್ಪು ಬೀಳುತ್ತದೆ. ಗುಮಾಸ್ತ ಬಂಧುಗಳು ಇದನ್ನು ನೆನಪಿಡಬೇಕೆಂದು ಬಿನ್ನವಿಸಿ ನನ್ನ ಮಾತು ಮುಗಿಸುತ್ತೇನೆ.